ಸೂಪರ್‌ಮ್ಯಾನ್ ಮೊದಲು ಖಳನಾಯಕನಾಗಿದ್ದ

ಸೂಪರ್‌ಮ್ಯಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನೀಲಿ ಉಡುಪು, ಬೆನ್ನ ಹಿಂದೆ ಹಾರುವ ಕೆಂಪು ಮೇಲಂಗಿ, ಹಣೆಯ ಮೇಲೊಂದು ಕೂದಲ ಸುರುಳಿ. ಆದರೆ ಆ ಹೆಸರಿನಲ್ಲಿ ಅವನ ಸೃಷ್ಟಿಕರ್ತರು ಮೊದಲು ಅಚ್ಚು ಹಾಕಿದ ಪಾತ್ರಕ್ಕೆ ತಲೆಯಲ್ಲಿ ಕೂದಲೇ ಇರಲಿಲ್ಲ. ಅವನು ಯಾರನ್ನೂ ಕಾಪಾಡಲೂ ಇಲ್ಲ. ಜಗತ್ತನ್ನೇ ಆಳಬೇಕೆಂದು ಹೊರಟ ದುಷ್ಟನಾಗಿದ್ದ.

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹೈಸ್ಕೂಲು ಹುಡುಗರಿದ್ದರು. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಕಥೆ ಬರೆಯುವವನು ಸೀಗಲ್, ಚಿತ್ರ ಬಿಡಿಸುವವನು ಶುಸ್ಟರ್. ತಾವೇ ಪ್ರತಿ ತೆಗೆದು ಹಂಚುತ್ತಿದ್ದ ಪುಟ್ಟ ಪತ್ರಿಕೆಯೊಂದರ 1933ರ ಜನವರಿ ಸಂಚಿಕೆಯಲ್ಲಿ ಅವರು 'ಸೂಪರ್‌ಮ್ಯಾನನ ಆಳ್ವಿಕೆ' ಎಂಬ ಅರ್ಥದ ಶೀರ್ಷಿಕೆಯಡಿ ಒಂದು ಕಥೆ ಪ್ರಕಟಿಸಿದರು. ಅದು ಆರ್ಥಿಕ ಮಹಾಕುಸಿತದ ಕಾಲ. ಉಚಿತ ರೊಟ್ಟಿಗಾಗಿ ಸಾಲಿನಲ್ಲಿ ನಿಂತ ಹಸಿದ ನಿರ್ಗತಿಕನೊಬ್ಬನನ್ನು ವಿಜ್ಞಾನಿಯೊಬ್ಬ ಊಟದ ಆಸೆ ತೋರಿಸಿ ಕರೆದೊಯ್ಯುತ್ತಾನೆ. ಉಲ್ಕೆಯಿಂದ ತೆಗೆದ ರಾಸಾಯನಿಕವೊಂದನ್ನು ಅವನ ಮೇಲೆ ಪ್ರಯೋಗಿಸುತ್ತಾನೆ. ನಿರ್ಗತಿಕನಿಗೆ ಪರರ ಮನಸ್ಸನ್ನು ಓದುವ, ಆಳುವ ಶಕ್ತಿ ಬರುತ್ತದೆ. ಬಂದೊಡನೆ ಅವನು ಮಾಡುವುದೇನು? ಹಣ ಬಾಚುತ್ತಾನೆ, ವಿಜ್ಞಾನಿಯನ್ನೇ ಕೊಲ್ಲುತ್ತಾನೆ, ರಾಷ್ಟ್ರಗಳನ್ನು ಪರಸ್ಪರ ಎತ್ತಿಕಟ್ಟಲು ಹೊರಡುತ್ತಾನೆ. ಕೊನೆಗೆ ಮದ್ದಿನ ಪ್ರಭಾವ ಇಳಿದು ಮತ್ತೆ ಅದೇ ರೊಟ್ಟಿಯ ಸಾಲಿಗೆ ಬಂದು ನಿಲ್ಲುತ್ತಾನೆ.

ಅದೇ ತಿಂಗಳ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಇದು ಕಾಕತಾಳೀಯ, ಹುಡುಗರು ಆ ಸುದ್ದಿ ಕೇಳಿ ಕಥೆ ಬರೆದದ್ದಲ್ಲ. ಆದರೆ 'ಅತಿಮಾನವ' ಎಂಬ ಕಲ್ಪನೆ ಆ ಹೊತ್ತಿಗಾಗಲೇ ಗಾಳಿಯಲ್ಲಿತ್ತು. ಜರ್ಮನ್ ತತ್ವಜ್ಞಾನಿ ನೀಷೆ 1883ರಲ್ಲೇ ಅದನ್ನು ಬರೆದಿದ್ದ. ಬರ್ನಾರ್ಡ್ ಶಾ 1903ರಲ್ಲಿ ತನ್ನ ನಾಟಕದ ಶೀರ್ಷಿಕೆಗೆ ಸೂಪರ್‌ಮ್ಯಾನ್ ಎಂಬ ಪದವನ್ನು ತಂದಿದ್ದ. ನಾತ್ಸಿಗಳು ಅದನ್ನು ಜನಾಂಗದ ಹೆಮ್ಮೆಯಾಗಿ ತಿರುಚಿದರು. ಕ್ಲೀವ್‌ಲ್ಯಾಂಡಿನ ಹುಡುಗರಿಗೆ ಮಾತ್ರ ಮಿತಿಮೀರಿದ ಶಕ್ತಿ ಎಂದರೆ ಮೊದಲು ಹೊಳೆದದ್ದು ಭಯವೇ.

ಆ ಭಯ ಹೇಗೆ ಭರವಸೆಯಾಗಿ ಮಾರ್ಪಟ್ಟಿತು ಎಂಬುದು ಈ ಚರಿತ್ರೆಯ ಅತ್ಯಂತ ಕುತೂಹಲಕರ ಭಾಗ. 1932ರ ಜೂನ್‌ನಲ್ಲಿ ಸೀಗಲ್‌ನ ತಂದೆಯ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದ್ದರು. ಆ ಘಟನೆಯ ನಡುವೆಯೇ ತಂದೆ ಹೃದಯಾಘಾತದಿಂದ ತೀರಿಕೊಂಡರು. ಗುಂಡು ನಾಟದ ಮೈಯುಳ್ಳ ರಕ್ಷಕನೊಬ್ಬನನ್ನು ಮಗ ಕಲ್ಪಿಸಿಕೊಂಡದ್ದರ ಹಿಂದೆ ಈ ಸಾವು ಇದೆ ಎಂದು ನಂಬುವವರಿದ್ದಾರೆ. ಇರಬಹುದು. ಒಟ್ಟಿನಲ್ಲಿ ಹುಡುಗರು ಪಾತ್ರವನ್ನು ತಿರುವಿ ಹಾಕಿದರು. ಹೆಸರು ಉಳಿಯಿತು, ಶಕ್ತಿ ಉಳಿಯಿತು, ಉದ್ದೇಶ ಬದಲಾಯಿತು. 1938ರಲ್ಲಿ ಕೇವಲ 130 ಡಾಲರಿಗೆ ಅವರು ಅದರ ಹಕ್ಕುಗಳನ್ನು ಪ್ರಕಾಶಕರಿಗೆ ಮಾರಿದರು. (ಆ 130 ಡಾಲರಿನ ವ್ಯಾಜ್ಯ ದಶಕಗಳ ಕಾಲ ಕೋರ್ಟುಗಳಲ್ಲಿ ಎಳೆದಾಡಿತು, ಅದು ಬೇರೆಯೇ ಕಥೆ.) 'ಆ್ಯಕ್ಷನ್ ಕಾಮಿಕ್ಸ್'ನ ಆ ಮೊದಲ ಸಂಚಿಕೆಯ ಸೂಪರ್‌ಮ್ಯಾನ್ ಅನ್ಯಗ್ರಹದವರೊಂದಿಗೆ ಹೋರಾಡುವುದಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡನಿಗೆ ಪಾಠ ಕಲಿಸುತ್ತಾನೆ. ಮಾಡದ ತಪ್ಪಿಗೆ ಮರಣದಂಡನೆ ಎದುರಿಸುತ್ತಿದ್ದ ಹೆಣ್ಣನ್ನು ಉಳಿಸುತ್ತಾನೆ. ಭ್ರಷ್ಟ ಸೆನೆಟರನ ಬೆನ್ನು ಹತ್ತುತ್ತಾನೆ.

ಒಂದೇ ಅಚ್ಚಿನ ಎರಡು ಮುಖ

ಹೊರಗೆ ಹಾಕಿದ ಆ ಬೋಳುತಲೆಯ ದುಷ್ಟ ಎಲ್ಲಿಗೆ ಹೋದ? ಹೆಚ್ಚು ದೂರವೇನೂ ಹೋಗಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ, 1939ರ ಜೂನ್ ಸಂಚಿಕೆಯಲ್ಲಿ, ಸೂಪರ್‌ಮ್ಯಾನನಿಗೆ ಸರಿಸಾಟಿಯಾದ ಮೊದಲ ಶತ್ರು ಪ್ರವೇಶಿಸಿದ. ಅಲ್ಟ್ರಾ ಹ್ಯುಮನೈಟ್ ಎಂದು ಅವನ ಹೆಸರು. ಬೋಳುತಲೆ, ಗಾಲಿಕುರ್ಚಿಗೆ ಅಂಟಿದ ದೇಹ, ಅಸಾಧಾರಣ ಮೆದುಳು. ಒಬ್ಬನಿಗೆ ತೋಳ್ಬಲ, ಇನ್ನೊಬ್ಬನಿಗೆ ಬುದ್ಧಿಬಲ. ಇಬ್ಬರ ಹೆಸರಿನ ಅರ್ಥವೂ ಹೆಚ್ಚುಕಡಿಮೆ ಒಂದೇ.

1940ರಲ್ಲಿ ಲೂಥರ್ ಬಂದ. ಬರುವಾಗ ಅವನಿಗೆ ಕೆಂಪು ಕೂದಲಿತ್ತು. ಮರುವರ್ಷ ಅದೂ ಹೋಯಿತು. ಚಿತ್ರಕಾರನೊಬ್ಬನ ಕಣ್ತಪ್ಪಿನಿಂದ ಹಾಗಾಯಿತು ಎಂಬ ಮಾತಿದೆ. ಕಾರಣವೇನೇ ಇರಲಿ, ಕಥೆ ತನ್ನ ಮೂಲ ದುಷ್ಟನ ಚಹರೆಗೇ ಮರಳಿತು. ಇಪ್ಪತ್ತು ವರ್ಷಗಳ ನಂತರ, 1960ರಲ್ಲಿ, ಸ್ವತಃ ಸೀಗಲ್ ಬರೆದ ಒಂದು ಕಥೆ ಈ ಬೋಳುತಲೆಗೆ ಕಾರಣ ಕೊಟ್ಟಿತು. ಬಾಲ್ಯದಲ್ಲಿ ಇಬ್ಬರೂ ಗೆಳೆಯರು. ಲೂಥರನ ಪ್ರಯೋಗಾಲಯಕ್ಕೆ ಬೆಂಕಿ ಬೀಳುತ್ತದೆ. ಗೆಳೆಯನನ್ನು ಉಳಿಸಲು ಬಾಲಕ ಸೂಪರ್‌ಮ್ಯಾನ್ ಜೋರಾಗಿ ಊದಿ ಬೆಂಕಿ ಆರಿಸುತ್ತಾನೆ. ಆ ಗಾಳಿಗೆ ಚೆಲ್ಲಿದ ರಾಸಾಯನಿಕದ ಹೊಗೆಯಿಂದ ಲೂಥರನ ಕೂದಲು ಉದುರುತ್ತದೆ, ಸಂಶೋಧನೆ ನಾಶವಾಗುತ್ತದೆ. ಬೇಕೆಂದೇ ಮಾಡಿದ ಎಂದು ಅವನು ತೀರ್ಮಾನಿಸುತ್ತಾನೆ. ಮಕ್ಕಳ ಕಥೆಯೆಂದು ನಕ್ಕುಬಿಡಬಹುದು. ಆದರೆ ಇದರಲ್ಲಿ ಒಂದು ತಿಳಿವಳಿಕೆ ಇದೆ: ದ್ವೇಷ ಹುಟ್ಟಿದ್ದು ಎರಡು ಭಿನ್ನ ಜಾತಿಯ ಜೀವಿಗಳ ನಡುವೆ ಅಲ್ಲ, ಒಂದೇ ಊರಿನ ಇಬ್ಬರು ಗೆಳೆಯರ ನಡುವೆ.

ಬ್ಯಾಟ್‌ಮ್ಯಾನ್ ವಿಷಯದಲ್ಲೂ ಹೀಗೆಯೇ. 1939ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಈ ನಾಯಕನಿಗೆ ಯಾವ ಅಲೌಕಿಕ ಶಕ್ತಿಯೂ ಇಲ್ಲ. ಕಪ್ಪು ಉಡುಪು, ನಗದ ಮುಖ, ಕಟ್ಟುನಿಟ್ಟಿನ ಶಿಸ್ತು. ಮರುವರ್ಷ ಅವನಿಗೆ ಎದುರಾದ ಜೋಕರ್ ಸುಣ್ಣ ಬಳಿದಂಥ ಬಿಳಿಮುಖದವನು, ಸದಾ ನಗುವವನು, ಯಾವ ನಿಯಮಕ್ಕೂ ಒಗ್ಗದವನು. 1928ರ ಮೂಕಿ ಚಿತ್ರವೊಂದರಲ್ಲಿ ನಟ ಕಾನ್ರಾಡ್ ವೈಟ್ ಧರಿಸಿದ್ದ ನಗುಮುಖದಿಂದ ಆ ರೂಪ ಬಂತು. ಮೊದಲ ಸಂಚಿಕೆಯಲ್ಲೇ ಅವನನ್ನು ಕೊಂದುಬಿಡುವ ಯೋಜನೆ ಇತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ತಡೆದರು. ಅವನಿನ್ನೂ ಬದುಕಿದ್ದಾನೆಂದು ತೋರಿಸುವ ಚಿತ್ರವೊಂದನ್ನು ಕೊನೆಗೆ ಸೇರಿಸಲಾಯಿತು. ಆ ಒಂದು ಚೌಕಟ್ಟು ಇಲ್ಲದಿದ್ದರೆ ಬ್ಯಾಟ್‌ಮ್ಯಾನನ ಕಥೆ ಇಷ್ಟು ದೂರ ಬರುತ್ತಿತ್ತೇ ಎಂಬುದು ಅನುಮಾನ. 1988ರಲ್ಲಿ ಅಲನ್ ಮೂರ್ ಬರೆದು ಬ್ರಯನ್ ಬೋಲಂಡ್ ಚಿತ್ರಿಸಿದ 'ದಿ ಕಿಲ್ಲಿಂಗ್ ಜೋಕ್' ಈ ಜೋಡಿಯನ್ನು ಅದರ ತುದಿಗೆ ಒಯ್ದಿತು. ಇಬ್ಬರ ಬದುಕನ್ನೂ ಬುಡಮೇಲು ಮಾಡಿದ್ದು ಒಂದೊಂದು ಕೆಟ್ಟ ದಿನ. ಒಬ್ಬ ಕಾನೂನಿನ ಕಡೆ ಹೊರಳಿದ, ಇನ್ನೊಬ್ಬ ಹುಚ್ಚಿನ ಕಡೆ.

ಇಂಥ ಖಳನನ್ನು ಕನ್ನಡಿ ಎನ್ನಬಹುದು. ಅವನಲ್ಲಿ ನಾಯಕ ತನ್ನದೇ ತಿರುವುಮುರುವಾದ ಮುಖವನ್ನು ನೋಡುತ್ತಾನೆ. ಓದುಗನೂ ನೋಡುತ್ತಾನೆ. ಆದರೆ ಇದೇ ಕಾಮಿಕ್ಸ್ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಖಳನೂ ಇದ್ದಾನೆ. ಅವನಿಗೆ ಬಾಲ್ಯವಿಲ್ಲ, ಗೆಳೆಯನಿಲ್ಲ, ಅನೇಕ ವೇಳೆ ಹೆಸರೂ ಇಲ್ಲ. ಅವನಿಗಿರುವುದು ಒಂದು ಜನಾಂಗ ಮಾತ್ರ.

ಯುದ್ಧ ತಂದ ಮುಖಗಳು

1940ರ ಫೆಬ್ರವರಿಯಲ್ಲಿ 'ಲುಕ್' ಪತ್ರಿಕೆಗಾಗಿ ಸೀಗಲ್ ಮತ್ತು ಶುಸ್ಟರ್ ಎರಡು ಪುಟಗಳ ಕಥೆ ಮಾಡಿಕೊಟ್ಟರು. ಅದರಲ್ಲಿ ಸೂಪರ್‌ಮ್ಯಾನ್ ಹಿಟ್ಲರ್ ಮತ್ತು ಸ್ಟಾಲಿನ್ ಇಬ್ಬರನ್ನೂ ಹಿಡಿದು ಜಿನೀವಾದ ರಾಷ್ಟ್ರಸಂಘದ ಮುಂದೆ ತಂದು ನಿಲ್ಲಿಸುತ್ತಾನೆ. ಗಮನಿಸಿ, ಅವನು ಕೊಲ್ಲುವುದಿಲ್ಲ, ವಿಚಾರಣೆಗೆ ಒಪ್ಪಿಸುತ್ತಾನೆ. ಏಪ್ರಿಲ್‌ನಲ್ಲಿ ಎಸ್‌ಎಸ್ ಪಡೆಯ ಮುಖಪತ್ರಿಕೆ ಸೀಗಲ್‌ನ ಯಹೂದಿತನವನ್ನೇ ಎತ್ತಿ ಹೀಯಾಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಪ್ಟನ್ ಅಮೆರಿಕ ಮಾರುಕಟ್ಟೆಗೆ ಬಂದ. ಮುಖಪುಟದಲ್ಲೇ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಯುದ್ಧಕ್ಕಿಳಿಯಲು ಆಗಿನ್ನೂ ಒಂದು ವರ್ಷ ಬಾಕಿ ಇತ್ತು. ಜೋ ಸೈಮನ್ ಮತ್ತು ಜ್ಯಾಕ್ ಕಿರ್ಬಿ ಅದರ ಕರ್ತೃಗಳು, ಇವರೂ ಯಹೂದಿಗಳೇ. ಮೊದಲು ಹೊಳೆದದ್ದು ಖಳನೇ, ಹಿಟ್ಲರನಿಗಿಂತ ಉತ್ತಮ ಖಳ ಎಲ್ಲಿ ಸಿಗಬೇಕು, ಅವನಿಗೆ ತಕ್ಕ ನಾಯಕನನ್ನು ಆಮೇಲೆ ಹುಡುಕಿಕೊಂಡೆವು ಎಂಬರ್ಥದಲ್ಲಿ ಸೈಮನ್ ಮುಂದೆ ಹೇಳಿಕೊಂಡಿದ್ದಾರೆ.

ಅಲ್ಲಿಯವರೆಗೆ ಗುರಿ ಸರಿಯಾಗಿತ್ತು. ಹಿಟ್ಲರ್ ಒಬ್ಬ ವ್ಯಕ್ತಿ, ಅವನ ಅಪರಾಧಗಳು ಅವನವು. ಪರ್ಲ್ ಹಾರ್ಬರ್ ದಾಳಿಯ ನಂತರ ಚಿತ್ರ ಕೆಟ್ಟಿತು. ಕಾಮಿಕ್ಸ್‌ಗಳ ಮುಖಪುಟಗಳಲ್ಲಿ ಜಪಾನಿಯರಿಗೆ ಕೋರೆಹಲ್ಲು ಮೂಡಿತು, ಚರ್ಮಕ್ಕೆ ಢಾಳಾದ ಹಳದಿ ಬಂತು. ಒಂದು ಮುಖಪುಟದಲ್ಲಂತೂ ಜಪಾನಿಯ ಕೆನ್ನೆಗೆ ಬಾರಿಸಿ ಎಂದು ಕರೆಕೊಡುವ ಭಿತ್ತಿಪತ್ರವನ್ನು ಅಚ್ಚು ಹಾಕುವ ಯಂತ್ರದ ಮುಂದೆ ಸ್ವತಃ ಸೂಪರ್‌ಮ್ಯಾನ್ ನಿಂತಿದ್ದಾನೆ. ಇದು ಬರೀ ಚಿತ್ರದ ಮಾತಲ್ಲ. 1942ರ ಫೆಬ್ರವರಿಯ ಅಧ್ಯಕ್ಷೀಯ ಆದೇಶದ ಬೆನ್ನಿಗೆ ಸುಮಾರು 1,20,000 ಜಪಾನಿ ಮೂಲದ ಜನರನ್ನು ಅಮೆರಿಕ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಆಗಿದ್ದರು. 1943ರಲ್ಲಿ ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಸೂಪರ್‌ಮ್ಯಾನ್ ಚಿತ್ರಕಥೆ ಇಂಥದೇ ಶಿಬಿರವೊಂದನ್ನು ತೋರಿಸಿ, ಅಲ್ಲಿನ ಕೈದಿಗಳನ್ನು ಒಳಸಂಚುಗಾರರೆಂದು ಚಿತ್ರಿಸಿತು. ಮಾಡದ ತಪ್ಪಿಗೆ ಶಿಕ್ಷೆಯಾಗಲಿದ್ದ ಹೆಣ್ಣನ್ನು ಉಳಿಸುತ್ತ ಬಂದ ನಾಯಕ, ಐದೇ ವರ್ಷದಲ್ಲಿ ತಪ್ಪು ಮಾಡದವರ ಸೆರೆಮನೆಯ ಕಾವಲಿಗೆ ನಿಂತಿದ್ದ.

ಯುದ್ಧ ಮುಗಿದ ಮೇಲೆ ಇದಕ್ಕೆ ಒಂದು ಪ್ರಾಯಶ್ಚಿತ್ತದಂತೆ ಕಾಣುವ ಘಟನೆ ನಡೆಯಿತು. 1946ರ ಬೇಸಿಗೆಯಲ್ಲಿ ರೇಡಿಯೊ ಸೂಪರ್‌ಮ್ಯಾನ್ 16 ಕಂತುಗಳ ಕಥೆಯೊಂದರಲ್ಲಿ ಕು ಕ್ಲಕ್ಸ್ ಕ್ಲಾನನ್ನು ಹೋಲುವ ಸಂಘಟನೆಯ ವಿರುದ್ಧ ಹೋರಾಡಿದ. ಆ ಸಂಘಟನೆಯ ಬೇಟೆ ಒಂದು ಚೀನೀ ಮೂಲದ ಕುಟುಂಬ. ಮಗ ಬೇಸ್‌ಬಾಲ್ ತಂಡಕ್ಕೆ ಆಯ್ಕೆಯಾದುದೇ ಅವರ ಅಪರಾಧ. ಇಲ್ಲಿ ಖಳರು ಹೊರದೇಶದವರಲ್ಲ, ಮುಖಗವಸು ಹಾಕಿದ ನೆರೆಮನೆಯವರು. ಸೂಪರ್‌ಮ್ಯಾನನಂತೆ ಅವರಿಗೂ ಹಗಲಿಗೊಂದು, ರಾತ್ರಿಗೊಂದು ವೇಷ. ಕನ್ನಡಿ ಮತ್ತೆ ಎದುರು ಬಂದಿತ್ತು.

1954ರಲ್ಲಿ ಪ್ರಕಾಶಕರು ತಾವೇ ಹೇರಿಕೊಂಡ ನೀತಿಸಂಹಿತೆ ಈ ಬಗೆಯ ಸೂಕ್ಷ್ಮಗಳಿಗೆಲ್ಲ ತೆರೆ ಎಳೆಯಿತು. ಒಳಿತು ಗೆಲ್ಲಲೇಬೇಕು, ಅಪರಾಧಿಯ ಬಗ್ಗೆ ಅನುಕಂಪ ಹುಟ್ಟಬಾರದು ಎಂಬುದು ಅದರ ನಿಯಮ. ಮಕ್ಕಳ ಹಿತಕ್ಕೆಂದು ಮಾಡಿದ್ದೇನೋ ನಿಜ.

ಶಾಲೆಯನ್ನು ಶತ್ರುವಿಗೆ ಒಪ್ಪಿಸಿದ ಕಥೆ

ಎರಡು ಬಗೆಯ ಖಳರ ನಡುವಿನ ಅಂತರ ಎಷ್ಟೆಂದು ತಿಳಿಯಲು ಮ್ಯಾಗ್ನೆಟೊ ಎಂಬ ಪಾತ್ರವೊಂದೇ ಸಾಕು. 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕಿರ್ಬಿ 'ಎಕ್ಸ್‌ಮೆನ್' ಆರಂಭಿಸಿದಾಗ ಅವನು ಕ್ಷಿಪಣಿ ನೆಲೆಯೊಂದನ್ನು ವಶಪಡಿಸಿಕೊಳ್ಳುವ ಒಬ್ಬ ಸಾಧಾರಣ ದುಷ್ಟ. ವಿಚಿತ್ರ ಶಕ್ತಿಗಳೊಂದಿಗೆ ಹುಟ್ಟಿ ಸಮಾಜದ ತಿರಸ್ಕಾರಕ್ಕೆ ಗುರಿಯಾದ ಮಕ್ಕಳನ್ನು ಪ್ರೊಫೆಸರ್ ಝೇವಿಯರ್ ಶಾಲೆಯಲ್ಲಿಟ್ಟು ಬೆಳೆಸುತ್ತಾನೆ, ಮನುಷ್ಯರೊಂದಿಗೆ ಬಾಳಲು ಕಲಿಸುತ್ತಾನೆ. ಮ್ಯಾಗ್ನೆಟೊ ಮನುಷ್ಯರನ್ನು ಆಳಬೇಕೆನ್ನುತ್ತಾನೆ. ಅಷ್ಟೇ ಕಥೆ.

1981ರಲ್ಲಿ, ಸರಣಿಯ 150ನೇ ಸಂಚಿಕೆಯಲ್ಲಿ, ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೊಂದು ಬಾಲ್ಯ ಕೊಟ್ಟರು. ಆ ಬಾಲ್ಯ ಆಶ್ವಿಟ್ಸ್‌ನಲ್ಲಿ ಕಳೆದಿತ್ತು. ಕಾದಾಟದ ನಡುವೆ ಕಿಟ್ಟಿ ಪ್ರೈಡ್ ಎಂಬ ಹದಿಹರೆಯದ ಹುಡುಗಿಯನ್ನು ಕೊಂದೇಬಿಟ್ಟೆನೆಂದು ಭಾವಿಸಿದ ಮ್ಯಾಗ್ನೆಟೊ ಅಲ್ಲೇ ಕುಸಿಯುತ್ತಾನೆ. ತನ್ನ ಕುಟುಂಬವನ್ನು ಕೊಂದವರ ಸಾಲಿಗೆ ತಾನೂ ಸೇರಿಬಿಟ್ಟೆನೇ ಎಂಬ ಪ್ರಶ್ನೆ ಅವನನ್ನು ಹಿಡಿಯುತ್ತದೆ. 1985ರ 200ನೇ ಸಂಚಿಕೆಯಲ್ಲಿ ಅಸ್ವಸ್ಥನಾದ ಝೇವಿಯರ್ ತನ್ನ ಶಾಲೆಯನ್ನೇ ಅವನ ಕೈಗೊಪ್ಪಿಸುತ್ತಾನೆ. ಲೂಥರನ ಕಥೆಯಲ್ಲಿ ಗೆಳೆಯ ಶತ್ರುವಾದ; ಇಲ್ಲಿ ಶತ್ರು ಹಳೆಯ ಗೆಳೆಯನೆಂಬುದು ಮತ್ತೆ ನೆನಪಾಯಿತು. ನನ್ನ ಮಟ್ಟಿಗೆ ಅಮೆರಿಕದ ಕಾಮಿಕ್ಸ್‌ಗಳಲ್ಲಿ ಇದಕ್ಕಿಂತ ದೊಡ್ಡ ಕ್ಷಣ ಇಲ್ಲ.

ಝೇವಿಯರ್ ಎಂದರೆ ಮಾರ್ಟಿನ್ ಲೂಥರ್ ಕಿಂಗ್, ಮ್ಯಾಗ್ನೆಟೊ ಎಂದರೆ ಮಾಲ್ಕಂ ಎಕ್ಸ್ ಎಂದು ಹೋಲಿಸುವ ರೂಢಿ ಇದೆ. ಕೇಳಲು ಚೆಂದ, ಆದರೆ ಒಪ್ಪುವಂಥದ್ದಲ್ಲ. ಮಾಲ್ಕಂ ಯಾವ ಕ್ಷಿಪಣಿ ನೆಲೆಗೂ ನುಗ್ಗಲಿಲ್ಲ. 1964ರ ಹಜ್ಜ್ ಯಾತ್ರೆಯಲ್ಲಿ ಬಿಳಿಯರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡದ್ದನ್ನು ಬರೆದು ತನ್ನ ಹಳೆಯ ನಿಲುವನ್ನು ಬಹಿರಂಗವಾಗಿ ತಿದ್ದಿಕೊಂಡ. 1965ರ ಫೆಬ್ರವರಿಯಲ್ಲಿ ಕೊಲೆಯಾದವನೂ ಅವನೇ. ಒಬ್ಬ ಜೀವಂತ ಮನುಷ್ಯನನ್ನು 'ಒಳ್ಳೆಯ ಕರಿಯ, ಕೆಟ್ಟ ಕರಿಯ' ಎಂಬ ಜೋಡಿಯ ಅರ್ಧ ಭಾಗವಾಗಿಸುವುದರಲ್ಲಿ ಯಾವ ನ್ಯಾಯವೂ ಇಲ್ಲ.

ಜೋಕರನ ತಲೆಗೆ ಅರಬ್ ವಸ್ತ್ರ

'ದಿ ಕಿಲ್ಲಿಂಗ್ ಜೋಕ್' ಬಂದ 1988ನೇ ಇಸವಿಗೆ ಮರಳೋಣ. ಆ ವರ್ಷದ ಕೊನೆಗೆ ಬಂದ ಇನ್ನೊಂದು ಬ್ಯಾಟ್‌ಮ್ಯಾನ್ ಕಥೆಯಲ್ಲಿ ಅದೇ ಜೋಕರ್, ಬ್ಯಾಟ್‌ಮ್ಯಾನನ ಸಹಾಯಕ ರಾಬಿನ್‌ನನ್ನು ಕೊಲ್ಲುತ್ತಾನೆ. ರಾಬಿನ್ ಸಾಯಬೇಕೇ ಬೇಡವೇ ಎಂದು ಪ್ರಕಾಶಕರು ಫೋನ್ ಮೂಲಕ ಓದುಗರ ಮತ ಕೇಳಿದ್ದರು. 5,343 ಮಂದಿ ಸಾಯಲಿ ಎಂದರು, 5,271 ಮಂದಿ ಬದುಕಲಿ ಎಂದರು. ಎಲ್ಲರೂ ನೆನಪಿಡುವುದು ಈ ಮತದಾನವನ್ನೇ. ಆಮೇಲೆ ಆದದ್ದನ್ನು ನೆನಪಿಡುವವರು ಕಡಿಮೆ. ಇರಾನಿನ ಆಯತುಲ್ಲಾ ಖುಮೈನಿ ಜೋಕರನನ್ನು ವಿಶ್ವಸಂಸ್ಥೆಗೆ ತಮ್ಮ ದೇಶದ ರಾಯಭಾರಿಯಾಗಿ ನೇಮಿಸುತ್ತಾರೆ! ಅವನು ಅರಬರ ಉಡುಪಿನಲ್ಲಿ, ಅರಬರ ತಲೆವಸ್ತ್ರ ಧರಿಸಿ ಸಭೆಗೆ ಬಂದು ವಿಷಾನಿಲ ಬಿಡಲು ಯತ್ನಿಸುತ್ತಾನೆ. ಇರಾನಿಯರು ಅರಬರಲ್ಲ ಎಂಬ ಪ್ರಾಥಮಿಕ ಸಂಗತಿಯೂ ಇಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ.

ಅದೇ ವರ್ಷ ಜುಲೈ 3ರಂದು ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿತ್ತು. 290 ಮಂದಿ ಸತ್ತಿದ್ದರು. ಆ ಸಾವುಗಳಿಗೆ ಕಾಮಿಕ್ಸ್‌ನಲ್ಲಿ ಜಾಗವಿರಲಿಲ್ಲ.

ನಲವತ್ತೆಂಟು ವರ್ಷಗಳ ಕಾಲ ಬ್ಯಾಟ್‌ಮ್ಯಾನನ ಕನ್ನಡಿಯಾಗಿದ್ದ ಪಾತ್ರಕ್ಕೆ ಒಂದು ತಲೆವಸ್ತ್ರ ತೊಡಿಸಿದೊಡನೆ ಏನಾಯಿತು ನೋಡಿ. ಅವನ ಹುಚ್ಚಿಗೆ ಇನ್ನು ಕಾರಣ ಬೇಕಾಗಲಿಲ್ಲ, ಆ ವಸ್ತ್ರವೇ ಕಾರಣವಾಯಿತು. ಲೆಬನಾನ್ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅಮೆರಿಕನ್ ವಿದ್ವಾಂಸ ಜ್ಯಾಕ್ ಶಹೀನ್ ಬದುಕಿನುದ್ದಕ್ಕೂ ಈ ವಸ್ತ್ರದ ಜಾಡನ್ನೇ ಹಿಡಿದು ಹೋದರು. 2001ರ ತಮ್ಮ ಗ್ರಂಥಕ್ಕಾಗಿ 900ಕ್ಕೂ ಹೆಚ್ಚು ಚಲನಚಿತ್ರಗಳನ್ನು ಪರಿಶೀಲಿಸಿದರು. ಅರಬರನ್ನು ಒಳ್ಳೆಯವರಾಗಿ ತೋರಿಸಿದ ಚಿತ್ರಗಳು ಅವರಿಗೆ ಸಿಕ್ಕಿದ್ದು ಹನ್ನೆರಡರಷ್ಟು.

2008ರ 'ಐರನ್ ಮ್ಯಾನ್' ಚಿತ್ರದಲ್ಲಿ ಎರಡೂ ಬಗೆಯ ಖಳರು ಒಟ್ಟಿಗೇ ಇದ್ದಾರೆ. 1963ರ ಮೂಲಕಥೆಯಲ್ಲಿ ನಾಯಕ ಸೆರೆಯಾಗುವುದು ವಿಯೆಟ್ನಾಂನಲ್ಲಿ. ಚಿತ್ರದಲ್ಲಿ ಅದು ಅಫ್ಘಾನಿಸ್ತಾನವಾಯಿತು. ಕಾಲ ಬದಲಾದಂತೆ ಗುಹೆಯ ವಿಳಾಸ ಬದಲಾಯಿತು, ಅಷ್ಟೇ. ಆದರೆ ಚಿತ್ರದ ನಿಜವಾದ ಖಳ ನಾಯಕನ ಸ್ವಂತ ಕಂಪನಿಯ ಪಾಲುದಾರ. ಶಸ್ತ್ರಾಸ್ತ್ರ ಮಾರುವವನೂ ಅವನೇ, ಕೊನೆಗೆ ನಾಯಕನಂಥದೇ ಉಕ್ಕಿನ ಕವಚ ತೊಟ್ಟು ಎದುರು ನಿಲ್ಲುವವನೂ ಅವನೇ. 2013ರಲ್ಲಿ ಬಂದ ಮೂರನೇ ಭಾಗ ಇನ್ನೂ ಮುಂದೆ ಹೋಯಿತು. ಗಡ್ಡ, ನಿಲುವಂಗಿ ತೊಟ್ಟು ಟಿವಿಯಲ್ಲಿ ಬೆದರಿಸುವ ಭಯೋತ್ಪಾದಕ ಅಲ್ಲಿ ಬಾಡಿಗೆಗೆ ತಂದ ಒಬ್ಬ ಕುಡುಕ ನಟ. ಅವನನ್ನು ಕುಣಿಸುತ್ತಿದ್ದವನು ಒಬ್ಬ ಉದ್ಯಮಿ. ಈ ತಿರುವಿಗೆ ಹಲವು ಅಭಿಮಾನಿಗಳು ಸಿಟ್ಟಾದರು. ತಾವು ನಂಬಿದ್ದು ವೇಷವನ್ನು ಎಂದು ಗೊತ್ತಾದಾಗ ಸಿಟ್ಟು ಬರುವುದು ಸಹಜ ತಾನೆ?

ಹೆಸರು ಬದಲಿಸಿದ ದರೋಡೆಕೋರರು

ಇದೆಲ್ಲ ದೂರದ ಅಮೆರಿಕದ ಮಾತು ಎನ್ನುವಂತಿಲ್ಲ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮುಂದೆ ಕನ್ನಡದಲ್ಲೂ ಬಂತು. ಅದರ ಮುಖ್ಯ ಆಕರ್ಷಣೆ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್. ಮೂಲದಲ್ಲಿ ಫ್ಯಾಂಟಮ್‌ನ ವಂಶವೈರಿಗಳಾದ ಕಡಲ್ಗಳ್ಳರ ಹೆಸರು 'ಸಿಂಘ್' ಎಂದಿತ್ತು. ಅವನ ಕಾಡಿದ್ದ ನಾಡಿನ ಹೆಸರು 'ಬೆಂಗಾಲಿ'. ಭಾರತದ ಆವೃತ್ತಿಯಲ್ಲಿ 'ಸಿಂಘ್' ಹೋಗಿ 'ಸಿಂಗ' ಆಯಿತು, ನಾಡು 'ಡೆಂಕಾಲಿ' ಆಯಿತು. ಖಳನಿಗೆ ನಮ್ಮವರ ಹೆಸರಿದ್ದಾಗ ಅದು ನಮ್ಮ ಸಂಪಾದಕರ ಕಣ್ಣಿಗೆ ತಕ್ಷಣ ಬಿತ್ತು. ಒಂದೆರಡು ಅಕ್ಷರ ತಿದ್ದಿ ಸರಿಪಡಿಸಿದರು. ಟೋಕಿಯೊದ ಓದುಗನಿಗೆ, ಟೆಹರಾನಿನ ಓದುಗನಿಗೆ ಆ ಅವಕಾಶ ಇರಲಿಲ್ಲ.

ಕುವೈತಿನ ಮನಶ್ಶಾಸ್ತ್ರಜ್ಞ ನಾಯಿಫ್ ಅಲ್ ಮುತವ್ವ 2006ರಲ್ಲಿ 'ದಿ 99' ಆರಂಭಿಸಿದ್ದು ಬಹುಶಃ ಆ ಅವಕಾಶವನ್ನು ತಾವೇ ಮಾಡಿಕೊಳ್ಳಲೆಂದು. 1258ರಲ್ಲಿ ಹುಲಾಗುವಿನ ಸೇನೆ ಬಗ್ದಾದಿನ ಗ್ರಂಥಾಲಯವನ್ನು ನಾಶ ಮಾಡಿದಾಗ ಅಲ್ಲಿನ ಜ್ಞಾನವನ್ನು 99 ಕಲ್ಲುಗಳಲ್ಲಿ ಉಳಿಸಲಾಯಿತು ಎಂಬ ಕಲ್ಪನೆ ಅದರ ಬುಡ. ಬೇರೆ ಬೇರೆ ದೇಶದ ಯುವಕ ಯುವತಿಯರಿಗೆ ಆ ಕಲ್ಲುಗಳಿಂದ ಒಂದೊಂದು ಶಕ್ತಿ ಬರುತ್ತದೆ. ಖಳನಾಯಕ ರುಘಾಲ್ ಕೂಡ ಅದೇ ಕಲ್ಲುಗಳ ಹಿಂದೆ ಬಿದ್ದವನು. ಹಂಚಿಕೊಳ್ಳುವವರು ಒಂದು ಕಡೆ, ಎಲ್ಲವೂ ತನಗೊಬ್ಬನಿಗೇ ಬೇಕೆನ್ನುವವನು ಇನ್ನೊಂದು ಕಡೆ. 2010ರಲ್ಲಿ ಈ ಬಳಗ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರೊಂದಿಗೆ ಒಂದೇ ಸರಣಿಯಲ್ಲಿ ಕಾಣಿಸಿಕೊಂಡಿತು. ಅಲ್ಲಾಹನ ಹೆಸರುಗಳನ್ನು ಮನುಷ್ಯಪಾತ್ರಗಳಿಗೆ ತಗಲಿಸಿದ್ದು ತಪ್ಪೆಂದು ಕೊಲ್ಲಿ ದೇಶಗಳ ಕೆಲವು ವಿದ್ವಾಂಸರು ಆಕ್ಷೇಪಿಸಿದರು. ಅಮೆರಿಕದಲ್ಲಿ ಇದು ಮಕ್ಕಳಿಗೆ ಶರೀಅತ್ ಕಲಿಸುವ ಹುನ್ನಾರ ಎಂದು ಇನ್ನು ಕೆಲವರು ಕೂಗಿದರು. ಎರಡೂ ಕಡೆಯಿಂದ ಪೆಟ್ಟು ತಿನ್ನುವ ಭಾಗ್ಯ!

2014ರಲ್ಲಿ ತನ್ನದೇ ಸರಣಿ ಪಡೆದ ಕಮಲಾ ಖಾನ್ ಹೆಚ್ಚು ಅದೃಷ್ಟವಂತೆ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಪಾಕಿಸ್ತಾನಿ ಮೂಲದ ತಂದೆತಾಯಿಯೊಂದಿಗೆ ಬೆಳೆಯುವ ಹದಿನಾರರ ಹುಡುಗಿ ಅವಳು. ಹೆಸರು 'ಮಿಸ್ ಮಾರ್ವೆಲ್'. ಸಂಪಾದಕಿ ಸನಾ ಅಮಾನತ್, ಲೇಖಕಿ ಇಸ್ಲಾಮನ್ನು ಸ್ವೀಕರಿಸಿದ ಜಿ. ವಿಲ್ಲೋ ವಿಲ್ಸನ್. ಇಂಥ ನಾಯಕಿಗೆ ಎಂಥ ಖಳನನ್ನು ತರುತ್ತಾರೋ ಎಂಬ ಕುತೂಹಲ ಎಲ್ಲರಿಗೂ ಇತ್ತು. ಒಬ್ಬ ಮತಾಂಧನನ್ನು ತಂದು ಅವಳ 'ಒಳ್ಳೆಯತನ'ವನ್ನು ಸಾಬೀತು ಮಾಡಿಸುವುದು ಸುಲಭದ ದಾರಿ. ವಿಲ್ಸನ್ ಆ ದಾರಿ ಹಿಡಿಯಲಿಲ್ಲ. ಅವಳ ಮೊದಲ ದೊಡ್ಡ ಶತ್ರು ಹಕ್ಕಿಯ ತಲೆಯುಳ್ಳ, ಥಾಮಸ್ ಎಡಿಸನ್‌ನ ನಕಲು ಎನಿಸಿಕೊಂಡ ಒಬ್ಬ ವಿಲಕ್ಷಣ ಸಂಶೋಧಕ. ಈಗಿನ ಪೀಳಿಗೆ ಭೂಮಿಗೆ ಭಾರ ಎಂದು ಹರೆಯದವರನ್ನು ನಂಬಿಸಿ, ಅವರ ದೇಹಗಳನ್ನೇ ಬ್ಯಾಟರಿಗಳನ್ನಾಗಿ ಬಳಸುತ್ತಾನೆ. ಕಮಲಾಳ ಮನಸ್ಸಿನಲ್ಲೂ ತಾನು ಯಾವುದಕ್ಕೂ ಸಲ್ಲದವಳು ಎಂಬ ಅಳುಕು ಇದೆ. ಅವಳು ಹೋರಾಡುವುದು ಆ ಅಳುಕಿಗೆ ರೆಕ್ಕೆಪುಕ್ಕ ಮೂಡಿದ ರೂಪದೊಂದಿಗೆ. ಇದರ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು.

ಅದೇ ವರ್ಷದ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಬಸ್ಸುಗಳ ಮೇಲೆ ಮುಸ್ಲಿಮರ ವಿರುದ್ಧದ ಜಾಹೀರಾತುಗಳು ಕಾಣಿಸಿಕೊಂಡಿದ್ದವು. ಮುಸ್ಲಿಮರನ್ನು ಹಿಟ್ಲರನೊಂದಿಗೆ ತಳುಕು ಹಾಕುವ ಚಿತ್ರ ಅವುಗಳಲ್ಲಿತ್ತು. ಹಿಟ್ಲರನ ದವಡೆಗೆ ಗುದ್ದುವ ಮುಖಪುಟ ಬಂದು ಎಪ್ಪತ್ತನಾಲ್ಕು ವರ್ಷಗಳಾಗಿದ್ದವು. ಹೆಸರು ಹೇಳಿಕೊಳ್ಳದ ಕೆಲವರು ಆ ಬಸ್ಸುಗಳ ಮೇಲೆ ಕಮಲಾ ಖಾನ್‌ಳ ಚಿತ್ರ ಅಂಟಿಸಿ ಹೋದರು. ಬಸ್ಸುಗಳು ಹಾಗೆಯೇ ಊರು ಸುತ್ತಿದವು.